ಮೂರು ತಿಂಗಳ ಶುಗರ್ ಮಾತ್ರೆ, ಇನ್ಸುಲಿನ್ ಜಪಾನಿಗೆ ತಗೊಂಡು ಹೋಗೋದು ಹೇಗೆ ಡಾಕ್ಟ್ರೇ?

ಪ್ರಶ್ನೆ:
ಡಾಕ್ಟ್ರೇ ನಮಸ್ಕಾರ. ನಾನು ಶಿವಮೊಗ್ಗದವಳು, ವಯಸ್ಸು 64, ಟೀಚರ್ ಆಗಿ ರಿಟೈರ್ ಆಗಿದೀನಿ. ಮಗ ಯೊಕೊಹಾಮಾದಲ್ಲಿ ಸಾಫ್ಟ್‌ವೇರ್ ಕೆಲ್ಸದಲ್ಲಿದಾನೆ, ಮೂರು ವರ್ಷದಿಂದ ಬಾ ಬಾ ಅಂತಿದ್ದ, ಈ ಸಲ ವೀಸಾ 90 ದಿನಕ್ಕೆ ಸಿಕ್ಕಿದೆ, ಜನವರಿಲಿ ಹೊರಡೋದು. ನಂಗೆ ಶುಗರ್ 14 ವರ್ಷದಿಂದ ಇದೆ, ಬಿಪಿನೂ ಇದೆ. ಬೆಳಿಗ್ಗೆ ಶುಗರಿಗೆ ಮೆಟ್‌ಫಾರ್ಮಿನ್ ಗ್ಲಿಮೆಪಿರೈಡ್ ಸೇರಿರೋ ಮಾತ್ರೆ, ಬಿಪಿಗೆ ಟೆಲ್ಮಿಸಾರ್ಟಾನ್, ರಾತ್ರಿ ಕೊಲೆಸ್ಟ್ರಾಲ್ ಮಾತ್ರೆ, 10 ಗಂಟೆಗೆ ಗ್ಲಾರ್ಜಿನ್ ಇನ್ಸುಲಿನ್ ಪೆನ್ನಲ್ಲಿ 12 ಯೂನಿಟ್. ಮೂರು ತಿಂಗಳದ್ದೂ ಒಟ್ಟಿಗೆ ತಗೊಂಡು ಸ್ಟ್ರಿಪ್ಪಿಂದ ಬಿಡಿಸಿ ಸ್ಟೀಲ್ ಡಬ್ಬಿಗೆ ಹಾಕ್ಕೊಂಡ್ರೆ ಜಾಗ ಉಳಿಯುತ್ತೆ, ಚಟ್ನಿಪುಡಿಗೆ ಆಗುತ್ತೆ ಅಂದ್ಕೊಂಡಿದ್ದೆ. ಪಕ್ಕದ ಮನೆಯವರು ಅಲ್ಲಿ ಏರ್‌ಪೋರ್ಟಲ್ಲಿ ಮಾತ್ರೆ ಎಲ್ಲ ಕಿತ್ಕೊತಾರೆ ಅಂತ ಹೆದರಿಸಿಬಿಟ್ರು. ಮಗನ್ನ ಕೇಳಿದ್ರೆ "ಏನೂ ಆಗಲ್ಲ ಬಾಮ್ಮ" ಅಂತಾನೆ ಅಷ್ಟೇ.

ಡಾಕ್ಟರ್ ಉತ್ತರ:
ಅಮ್ಮ ನಮಸ್ಕಾರ, ಮೊದ್ಲು ಆ ಸ್ಟೀಲ್ ಡಬ್ಬಿ ವಾಪಸ್ ಅಡುಗೆಮನೆಗೆ ಕಳಿಸಿ 🙂 ಬಿಡಿಸಿದ ಮಾತ್ರೆ ಏನು ಅಂತ ಕಸ್ಟಮ್ಸ್‌ನವರಿಗೆ ಹೇಗೆ ಗೊತ್ತಾಗ್ಬೇಕು, ಸ್ಟ್ರಿಪ್ ಸಮೇತ, ಸಾಧ್ಯ ಆದ್ರೆ ಬಾಕ್ಸ್ ಸಮೇತಾನೇ ಇರ್ಲಿ.

ಈಗ ಮುಖ್ಯ ವಿಷಯ. ಡಾಕ್ಟರ್ ಬರೆದುಕೊಟ್ಟ ಮಾತ್ರೆ ಜಪಾನಿಗೆ ಸುಮ್ನೆ ತಗೊಂಡು ಹೋಗೋಕೆ ಆಗೋದು ಒಂದು ತಿಂಗಳದ್ದು ಮಾತ್ರ, ಪೆನ್ನಲ್ಲಿ ತಗೊಳೋ ಇನ್ಸುಲಿನ್ ಕೂಡ ಅಷ್ಟೇ. ಅದಕ್ಕಿಂತ ಜಾಸ್ತಿ ಇದ್ರೆ 'ಯುನ್ಯು ಕಾಕುನಿನ್‌ಶೊ' ಅಂತ ಒಂದು ಅನುಮತಿ ಪತ್ರ ಮೊದ್ಲೇ ತಗೋಬೇಕು (ಹಳಬರು ಇದನ್ನ 'ಯಾಕ್ಕನ್ ಶೋಮೇ' ಅಂತಾರೆ, ಎರಡೂ ಒಂದೇ). ದುಡ್ಡಿಲ್ಲ, ಅವರ ಆರೋಗ್ಯ ಇಲಾಖೆಗೆ ಆನ್‌ಲೈನಲ್ಲೇ ಹಾಕ್ಬಹುದು, ಮಗನ ಕೈಲಿ ಈ ವಾರಾನೇ ಹಾಕ್ಸಿ, ಹೊರಡೋ ಹಿಂದಿನ ದಿನಕ್ಕೆ ಇಟ್ಕೋಬೇಡಿ. ಒಂದು ತಿಂಗಳದ್ದು ಒಯ್ದು ಉಳಿದಿದ್ದು ಕೊರಿಯರ್ ಮಾಡ್ಸೋಣ ಅಂತ ತುಂಬಾ ಜನ ಕೇಳ್ತಾರೆ, ಅದಕ್ಕೂ ಇದೇ ಲೆಕ್ಕ. ನಮ್ಮೂರ ಚೀಟಿ ತೋರಿಸಿ ಅಲ್ಲಿ ಮೆಡಿಕಲ್ ಶಾಪಲ್ಲಿ ತಗೊಳೋಕೂ ಆಗಲ್ಲ, ಅಲ್ಲಿನ ಡಾಕ್ಟರೇ ಬರೀಬೇಕು.

ಇನ್ಸುಲಿನ್ ಎಷ್ಟು ಬೇಕು ಅಂತ ನಾನೇ ಲೆಕ್ಕ ಹಾಕ್ದೆ. 12 ಯೂನಿಟ್, ಚುಚ್ಚೋ ಮುಂಚೆ ಚೆಕ್ ಮಾಡಿ ಚೆಲ್ಲೋ 2, ದಿನಕ್ಕೆ 14, 90 ದಿನಕ್ಕೆ 1260. ಒಂದು ಪೆನ್ನಲ್ಲಿ 300 ಇರುತ್ತೆ, ಐದು ಬೇಕು, ಒಂದು ಎಕ್ಸ್‌ಟ್ರಾ ಸೇರಿ ಆರು ಅಂತ ಅರ್ಜಿಲಿ ಬರೆಸಿ. ಎಲ್ಲಾ ಹ್ಯಾಂಡ್‌ಬ್ಯಾಗಲ್ಲೇ ಇರ್ಬೇಕು, ಚೆಕಿನ್ ಲಗೇಜಲ್ಲಿ ಹೆಪ್ಪುಗಟ್ಟಿದ್ರೆ ಆ ಇನ್ಸುಲಿನ್ ಕೆಲ್ಸಕ್ಕೆ ಬರಲ್ಲ.

ಟೈಮ್ ವಿಷ್ಯ, ಅವರು ನಮಗಿಂತ ಮೂರೂವರೆ ಗಂಟೆ ಮುಂದೆ. ನಿಮ್ಮ ರಾತ್ರಿ 10 ಅಲ್ಲಿ ಒಂದೂವರೆ. ಹೋದ ದಿನ ಅಲ್ಲಿನ ರಾತ್ರಿ 12ಕ್ಕೆ ಇನ್ಸುಲಿನ್ ತಗೊಳಿ, ಮಾರನೇ ದಿನ 11ಕ್ಕೆ, ಆಮೇಲೆ 10ಕ್ಕೆ. ನಿಮ್ಮನ್ನ ನೋಡೋ ಡಾಕ್ಟರಿಗೂ ಇದನ್ನ ಒಂದ್ಸಲ ಹೇಳಿ.

ನೆಗಡಿ ಮಾತ್ರೆ ಒಯ್ಯಬೇಡಿ. ಕೆಲವು ನೆಗಡಿ ಮಾತ್ರೆಲಿರೋ ಸ್ಯೂಡೋಎಫೆಡ್ರಿನ್ ಅನ್ನೋ ಔಷಧ 10%ಗಿಂತ ಜಾಸ್ತಿ ಇರೋದು ಅಲ್ಲಿ ನಿಷೇಧ, ಪರ್ಸೆಂಟೇಜ್ ಲೆಕ್ಕ ಹಾಕ್ತಾ ಕೂರೋ ಬದಲು ಪ್ಯಾರಾಸಿಟಮಾಲ್ ಒಂದು ಸ್ಟ್ರಿಪ್ ಇಟ್ಕೊಳಿ. ಅಲ್ಲಿ ಅದಕ್ಕೆ ಅಸೆಟಮಿನೋಫೆನ್ ಅಂತಾರೆ.

ಒಸಾಕಾದಿಂದ ಒಬ್ಬ ಸದಸ್ಯೆ:
ಆಂಟಿ, ಹೋದ ವರ್ಷ ನಮ್ಮಪ್ಪಂಗೆ ನಾನೇ ಈ ಅರ್ಜಿ ಹಾಕಿದ್ದು. ಪ್ರಿಸ್ಕ್ರಿಪ್ಷನ್ ಕೈಬರಹದ್ದು ಕಳಿಸಿಬಿಟ್ಟಿದ್ದೆ, ನಂಗೇ ಓದಕ್ಕಾಗಲ್ಲ ಇನ್ನು ಅವರಿಗೇನು, ಮತ್ತೆ ಟೈಪ್ ಮಾಡ್ಸಿ ಕಳಿಸಿ ಹತ್ತು ದಿನ ಹೋಯ್ತು. ನೀವು ಮೊದ್ಲೇ ಲೆಟರ್‌ಹೆಡ್ಡಲ್ಲಿ ಇಂಗ್ಲಿಷಲ್ಲಿ ಟೈಪ್ ಮಾಡ್ಸಿ, ಬ್ರಾಂಡ್ ಹೆಸರಲ್ಲ, ಒಳಗಿರೋ ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು, ಒಟ್ಟು ಎಷ್ಟು.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಡಾಕ್ಟ್ರೇ, ನಿಂಗೂ ಕಣಮ್ಮ. ಅಲ್ಲಿ ಚಳಿ ಜಾಸ್ತಿ, ಮಗ ದಿನಾ ಬಿಸಿನೀರಿನ ತೊಟ್ಟಿಲಿ ಕೂತ್ಕೋಬಹುದು ಅಂತಾನೆ, ಮಂಡಿ ನೋವಿಗೆ ಒಳ್ಳೇದಲ್ವಾ? ಹಸಿ ಕರಿಬೇವು ಒಂದು ಕಟ್ಟು ತಗೊಂಡು ಹೋಗ್ಬಹುದಾ?

ಡಾಕ್ಟರ್ ಉತ್ತರ:
ತೊಟ್ಟಿ ವಿಷ್ಯ ಕೇಳಿದ್ದು ಒಳ್ಳೇದಾಯ್ತು, ಕಸ್ಟಮ್ಸ್‌ಗಿಂತ ನಂಗೆ ಅದೇ ಭಯ. ಅಲ್ಲಿನ ಮನೆಗಳಲ್ಲಿ ಹಾಲ್ ಬೆಚ್ಚಗಿರುತ್ತೆ, ಬಟ್ಟೆ ಬಿಚ್ಚೋ ಜಾಗ ಕೊರೆಯುತ್ತೆ, ಆ ಚಳಿಗೆ ಬಿಪಿ ಏರುತ್ತೆ, ಬಿಸಿನೀರಿಗೆ ಇಳಿದ ಕೂಡ್ಲೇ ಸರ್ರಂತ ಇಳಿಯುತ್ತೆ. ಚಳಿಗಾಲದಲ್ಲಿ ವಯಸ್ಸಾದೋರು ತೊಟ್ಟಿಲೇ ಪ್ರಜ್ಞೆ ತಪ್ಪಿ ಮುಳುಗೋದು ಅಲ್ಲಿ ದೊಡ್ಡ ಸಮಸ್ಯೆ. ನೀವು ಬಿಪಿ ಮಾತ್ರೆ ಬೇರೆ ತಗೊತೀರ. ನೀರು 41 ಡಿಗ್ರಿ ದಾಟೋದು ಬೇಡ, 10 ನಿಮಿಷ ಸಾಕು, ಮಗ ಮನೇಲಿದ್ದಾಗ ಮಾತ್ರ ಇಳಿರಿ, ಬಾಗ್ಲು ಲಾಕ್ ಮಾಡ್ಬೇಡಿ, ನಿಧಾನಕ್ಕೆ ಏಳಿ. ಇನ್ನೊಂದು, 'ಕೈರೊ' ಅಂತ ಬಿಸಿ ಪ್ಯಾಕೆಟ್ ಎಲ್ಲಾ ಅಂಗಡಿಲೂ ಸಿಗುತ್ತೆ, ಪಾದಕ್ಕೆ ಅಂಟಿಸ್ಕೋಬೇಡಿ. 14 ವರ್ಷದ ಶುಗರಲ್ಲಿ ಕಾಲಿಗೆ ಸುಟ್ಟಿದ್ದೇ ಗೊತ್ತಾಗದೇ ಇರಬಹುದು.

ಇನ್ಶೂರೆನ್ಸ್ ಕೂಡ ನೋಡ್ಕೊಳಿ. 90 ದಿನದ ವೀಸಾದವರಿಗೆ ಅಲ್ಲಿನ ಸರ್ಕಾರಿ ಹೆಲ್ತ್ ಇನ್ಶೂರೆನ್ಸ್ ಸಿಗಲ್ಲ, ಟ್ರಾವೆಲ್ ಪಾಲಿಸಿಲಿ ಮೊದ್ಲಿಂದ ಇರೋ ಶುಗರ್ ಬಿಪಿ ಕವರ್ ಆಗುತ್ತಾ ಅಂತ ಬರವಣಿಗೇಲೇ ಕೇಳಿ. ಆಂಬುಲೆನ್ಸಿಗೆ 119.

ಕರಿಬೇವು ನನ್ನ ಡಿಪಾರ್ಟ್‌ಮೆಂಟ್ ಅಲ್ಲ 😄

ಒಸಾಕಾ ಸದಸ್ಯೆ:
ಹಸಿದು ಬೇಡ ಆಂಟಿ, ಹಸಿ ಸೊಪ್ಪು ತರಕಾರಿಗೆಲ್ಲ ನಮ್ಮ ಸರ್ಕಾರದ ಸಸ್ಯ ತಪಾಸಣೆ ಸರ್ಟಿಫಿಕೇಟ್ ಬೇಕು. ಹುರಿದು ಚಟ್ನಿಪುಡಿಗೆ ಹಾಕ್ಕೊಂಡು ಬನ್ನಿ. ಮತ್ತೆ ಹೊರಗೆ ಸೂಪು, ನೂಡಲ್ಸ್ ತಿನ್ನೋವಾಗ ಹುಷಾರು, ತರಕಾರಿದು ಅಂತ ಕಂಡ್ರೂ ತಳದಲ್ಲಿ ಮೀನಿನ ರಸ ಇರುತ್ತೆ, 'ದಾಶಿ' ಅಂತಾರೆ. ಶುಗರ್ ಡೌನ್ ಆದ್ರೆ 'ಬುದೋತೋ' ಅಂತ ಕೇಳಿ, ಗ್ಲುಕೋಸ್ ಬಿಲ್ಲೆ ಕೊಡ್ತಾರೆ.

ಪ್ರಶ್ನೆ ಕೇಳಿದವರು:
ಬುದೋತೋ, ಬರ್ಕೊಂಡೆ. ಮಗಂಗೆ ಇದೆಲ್ಲ ಫಾರ್ವರ್ಡ್ ಮಾಡ್ದೆ, ಇಷ್ಟೆಲ್ಲ ಇದೆಯಾ ಅಂತ ಅವನೇ ಕೇಳ್ತಿದಾನೆ.