36 ಅಡಿ ಹಾಯಿದೋಣಿಗೆ ಯಾವ ಲಂಗರು? ಕೊಚ್ಚಿಯಿಂದ ಗೋವಾವರೆಗೆ

ಪಡುಗಾಳಿ:
ದೋಣಿ 36 ಅಡಿ, ಸಾಮಾನು ತುಂಬಿದರೆ 7 ಟನ್. ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಕೊಚ್ಚಿಯಿಂದ ಹೊರಟು ಮಂಗಳೂರು, ಮಲ್ಪೆ, ಹೊನ್ನಾವರ, ಕಾರವಾರದಲ್ಲಿ ನಿಲ್ಲುತ್ತಾ ಗೋವಾ ಸೇರುವ ಲೆಕ್ಕ. ಈಗಿರುವುದು 16 ಕಿಲೋದ ಹಳೇ ಸಿಕ್ಯೂಆರ್ ಲಂಗರು, 8 ಮಿ.ಮೀ. ಸರಪಳಿ 30 ಮೀಟರ್, ಅದರ ಹಿಂದೆ 14 ಮಿ.ಮೀ. ಮೂರೆಳೆಯ ನೈಲಾನ್ ಹಗ್ಗ 40 ಮೀಟರ್. ಸರಪಳಿ ಎತ್ತುವ ವಿಂಡ್ಲಾಸ್ ಯಂತ್ರ ಇದೆ.

ಸಿಕ್ಯೂಆರ್ ಬದಲಿಸಬೇಕಾ? ಸರಪಳಿಯನ್ನು 10 ಮಿ.ಮೀ.ಗೆ ಏರಿಸಬೇಕಾ? ಫೋರ್ಟ್ರೆಸ್ ಅನ್ನುವ ಅಲ್ಯೂಮಿನಿಯಂ ಲಂಗರು ಹಗುರ ಅಂತಾರಲ್ಲ, ಅದೊಂದನ್ನೇ ಇಟ್ಟುಕೊಂಡರೆ ಸಾಲದಾ?

ಗುಳ_ಗುದ್ದಲಿ:
ಬದಲಿಸಿ. ಸಿಕ್ಯೂಆರ್ ಕೆಟ್ಟದ್ದಲ್ಲ, ಹಳೇದು. ಭೌತವಿಜ್ಞಾನಿ ಜೆಫ್ರಿ ಟೇಲರ್ 1933ರಲ್ಲಿ ಕಡಲವಿಮಾನಗಳಿಗೆಂದು ಮಾಡಿದ ವಿನ್ಯಾಸ. ತೊಂದರೆ ಇರುವುದು ಆಕಾರದಲ್ಲಿ. ಅದು ಎರಡೂ ಕಡೆಗೆ ಮಣ್ಣು ಮಗುಚುವ ನೇಗಿಲ ಗುಳ. ಗುಳ ಇರುವುದೇ ಎಳೆದಾಗ ಮುಂದಕ್ಕೆ ಸಾಗಲಿ ಅಂತ. ನಮಗೆ ಬೇಕಾದದ್ದು ಸಾಗದೇ ಇರುವುದು. ಗಟ್ಟಿ ಮರಳಲ್ಲಿ ಅದು ಅಡ್ಡ ಬಿದ್ದು ಗೀರುತ್ತಾ ಬರುತ್ತದೆ, ಮೆತ್ತನೆ ಕೆಸರಲ್ಲಿ ಸದ್ದಿಲ್ಲದೆ ಉಳುತ್ತಾ ಬರುತ್ತದೆ.

ಸ್ಪೇಡ್, ರೊಕ್ನಾ, ಮ್ಯಾನ್ಸನ್ ಸುಪ್ರೀಮ್, ಮ್ಯಾಂಟಸ್ ಎಲ್ಲ ಸಲಿಕೆಯ ಹಾಗೆ ಒಳಬಾಗಿದ ಅಲಗಿನವು. ಚೂಪು ತುದಿ ಮೊದಲು ಕಚ್ಚುತ್ತದೆ, ಎಳೆತ ಹೆಚ್ಚಿದಷ್ಟೂ ಅಲಗು ಇನ್ನೂ ಆಳಕ್ಕೆ ಇಳಿಯುತ್ತದೆ. ಕೆಲವಕ್ಕೆ ಬೆನ್ನ ಮೇಲೆ ಬಳೆಯಂಥ ಕಮಾನು ಇರುತ್ತದೆ. ಲಂಗರು ಮಗುಚಿ ಬಿದ್ದರೂ ಅದರ ಮೇಲೆ ಉರುಳಿ ನೆಟ್ಟಗಾಗುತ್ತದೆ. ಡೆಲ್ಟಾ ಇವೆರಡರ ನಡುವಿನದು. ಕಡಿಮೆ ಬೆಲೆಗೆ ಸಿಕ್ಕರೆ ಪರವಾಗಿಲ್ಲ, ಆದರೆ ಒಂದು ಅಳತೆ ದೊಡ್ಡದನ್ನೇ ತೆಗೆದುಕೊಳ್ಳಿ. ಬ್ರೂಸ್ ಮಾದರಿಯ ಪಂಜ ಬೇಗ ಕಚ್ಚುತ್ತದೆ, ಆದರೆ ತೂಕಕ್ಕೆ ತಕ್ಕ ಹಿಡಿತ ಕಡಿಮೆ.

ನಿಮ್ಮ ದೋಣಿಗೆ ಇಂಥ ಲಂಗರು 20 ಕಿಲೋದ್ದು ಸಾಕು. ಮೂತಿಯಲ್ಲಿ ಲಂಗರು ಕೂರುವ ರೋಲರ್ ತಡೆಯುವುದಾದರೆ 25 ಕಿಲೋ. ತಯಾರಕರ ಪಟ್ಟಿ ನೋಡುವಾಗ ಅದು ಎಷ್ಟು ನಾಟ್ ಗಾಳಿಗೆ ಹಾಕಿದ ಲೆಕ್ಕ ಅಂತ ಓದಿ. ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು.

ದುಡ್ಡು ಕೊಡುವ ಮೊದಲು ಲಂಗರಿನ ಅಳತೆಗೆ ರಟ್ಟು ಕತ್ತರಿಸಿ ರೋಲರ್ ಮೇಲೆ ಇಟ್ಟು ನೋಡಿ. ಕಮಾನು ಮುಂದಿನ ಹಾಯಿಯನ್ನು ಸುತ್ತಿಡುವ ಫರ್ಲರ್‌ಗೆ ತಾಗುವ ದೋಣಿಗಳು ಬಹಳ. ತಾಗಿದರೆ ಕಮಾನಿಲ್ಲದ ಸ್ಪೇಡ್ ಅಥವಾ ವಲ್ಕನ್ ನೋಡಬೇಕು. ಸ್ಪೇಡ್‌ನ ತುದಿಯಲ್ಲಿ ಸೀಸ ತುಂಬಿರುತ್ತದೆ. ತುಕ್ಕು ಹಿಡಿದ ಮೇಲೆ ಮತ್ತೆ ಸತುವಿನಲ್ಲಿ ಅದ್ದಿಸುತ್ತೇನೆ ಅಂದರೆ ಸೀಸ 327 ಡಿಗ್ರಿಗೇ ಕರಗುತ್ತದೆ, ಸತುವಿನ ತೊಟ್ಟಿ 450 ಡಿಗ್ರಿ ಇರುತ್ತದೆ. ಅಗ್ಗದ ನಕಲುಗಳಲ್ಲಿ ಸೋಲುವುದು ದಂಡ: ಮೆದು ಉಕ್ಕಿನದಾದರೆ ಅಡ್ಡ ಎಳೆತಕ್ಕೆ ಬಾಗುತ್ತದೆ.

ಎಂಟುಮಾರು:
ಸರಪಳಿ 8 ಮಿ.ಮೀ. ಇರಲಿ, ಉದ್ದ ಹೆಚ್ಚಿಸಿ. 8 ಮಿ.ಮೀ. ಸರಪಳಿ ಮೀಟರಿಗೆ ಸುಮಾರು 1.4 ಕಿಲೋ, 10 ಮಿ.ಮೀ.ಯದ್ದು 2.3 ಕಿಲೋ. 60 ಮೀಟರ್‌ಗೆ ಲೆಕ್ಕ ಹಾಕಿದರೆ ಮೂತಿಯಲ್ಲಿ 84 ಕಿಲೋ ಬದಲು 138 ಕಿಲೋ. ಆ 54 ಕಿಲೋದಲ್ಲಿ ಹತ್ತನ್ನು ಲಂಗರಿಗೆ ಕೊಟ್ಟರೂ ಹಿಡಿತ ಹೆಚ್ಚು ಸಿಗುತ್ತದೆ. ಬಲ ಬೇಕಾದರೆ ಅದೇ ದಪ್ಪದಲ್ಲಿ ಗ್ರೇಡ್ 40 ತೆಗೆದುಕೊಳ್ಳಿ, ಸುಮಾರು 4 ಟನ್‌ವರೆಗೆ ತುಂಡಾಗುವುದಿಲ್ಲ. ಗ್ರೇಡ್ 30 ಆದರೆ 3 ಟನ್.

ವಿಂಡ್ಲಾಸಿನ ಹಲ್ಲುಚಕ್ರಕ್ಕೆ ಕೊಂಡಿ ಕೂರಬೇಕು. 8 ಮಿ.ಮೀ.ಗೆ ಅಳತೆಯ ಮಾನದಂಡ ಡಿಐಎನ್ 766 ಆಗಲಿ ಐಎಸ್‌ಒ ಆಗಲಿ ಕೊಂಡಿಯ ಒಳ ಉದ್ದ 24 ಮಿ.ಮೀ. 10 ಮಿ.ಮೀ.ಯಲ್ಲಿ ಒಂದು 28, ಇನ್ನೊಂದು 30. ಅಲ್ಲಿ ತಪ್ಪಿದರೆ ಸರಪಳಿ ಚಕ್ರದ ಮೇಲೆ ಹಾರುತ್ತದೆ, ಬೆರಳು ಹೋಗುತ್ತದೆ.

ಎಷ್ಟು ಬಿಡಬೇಕು ಅನ್ನುವುದಕ್ಕೆ ಬರುತ್ತೇನೆ. ಆಳ ಅಂದರೆ ಸೌಂಡರ್ ತೋರಿಸುವುದಷ್ಟೇ ಅಲ್ಲ. ಕಾರವಾರದಲ್ಲಿ ಇಳಿತದ ಹೊತ್ತಿಗೆ ನೀರು 4 ಮೀಟರ್ ಅಂದುಕೊಳ್ಳಿ. ಅಮಾವಾಸ್ಯೆ, ಹುಣ್ಣಿಮೆಯ ಭರತಕ್ಕೆ ಇನ್ನೊಂದು 2 ಮೀಟರ್, ನೀರಿಂದ ರೋಲರ್‌ವರೆಗಿನ ಎತ್ತರ 1.2 ಮೀಟರ್. ಒಟ್ಟು 7.2. ಅದರ ಐದು ಪಟ್ಟು ಸರಪಳಿ ಅಂದರೆ 36 ಮೀಟರ್, ಏಳು ಪಟ್ಟು ಅಂದರೆ 50. ನಿಮ್ಮ 30 ಮೀಟರ್ ಸರಪಳಿ ಅಲ್ಲೇ ಮುಗಿಯಿತು.

"ಆಳ ಕಡಿಮೆ, ಸರಪಳಿಯೂ ಕಡಿಮೆ ಸಾಕು" ಅನ್ನುವ ಮಾತು ನಮ್ಮ ಕರಾವಳಿಯಲ್ಲಿ ಮೋಸ ಮಾಡುತ್ತದೆ. ಸರಪಳಿಯ ಜೋಲು ಅದರ ತೂಕದಿಂದ ಬರುವುದು. ಒಟ್ಟು ಆಳ 6 ಮೀಟರ್, ಬಿಟ್ಟದ್ದು 30 ಮೀಟರ್ ಅಂದರೆ ಸುಮಾರು 88 ಕಿಲೋ ಎಳೆತಕ್ಕೆ ಲಂಗರಿನ ಪಕ್ಕದ ಕೊನೇ ಕೊಂಡಿಯೂ ತಳ ಬಿಟ್ಟು ಏಳುತ್ತದೆ. ಆಳ 3 ಮೀಟರ್, ಬಿಟ್ಟದ್ದು 15 ಮೀಟರ್: ಅದೇ ಐದು ಪಟ್ಟು, ಆದರೆ 44 ಕಿಲೋಗೇ ಏಳುತ್ತದೆ. 36 ಅಡಿ ದೋಣಿಗೆ 88 ಕಿಲೋ ಎಳೆತ ಅಂದರೆ ಸುಮಾರಾಗಿ 25 ನಾಟ್ ಗಾಳಿ ಅಷ್ಟೇ. ಆಮೇಲೆ ಉಳಿಯುವುದು ಕೋನ ಮಾತ್ರ. ಹಾಗಾಗಿ ತೆಳು ನೀರಲ್ಲಿ ಏಳು ಪಟ್ಟು ಬಿಡಿ, 15 ಮೀಟರ್ ಆಳದಲ್ಲಿ ನಾಲ್ಕು ಪಟ್ಟಿಗೆ ಇಳಿದರೂ ನಡೆಯುತ್ತದೆ.

ಸರಪಳಿ ಬಿಗಿದ ಮೇಲೆ ಅಲೆಯ ಹೊಡೆತ ತಿನ್ನುವುದು ನೈಲಾನ್. 12 ಮಿ.ಮೀ. ಮೂರೆಳೆಯ ಹಗ್ಗ 8 ಮೀಟರ್, ತುದಿಗೆ ಸರಪಳಿ ಕೊಕ್ಕೆ, ಇನ್ನೊಂದು ತುದಿ ಮೂತಿಯಲ್ಲಿ ಹಗ್ಗ ಕಟ್ಟುವ ಕ್ಲೀಟ್‌ಗೆ. ಇದಕ್ಕೇ ಸ್ನಬರ್ ಅನ್ನುವುದು. ಮೂತಿಗೆ ಉಜ್ಜುವ ಕಡೆ ಹಳೇ ಅಗ್ನಿಶಾಮಕ ಪೈಪಿನ ತುಂಡು ತೊಡಿಸಿ. ಭಾರ ಯಾವತ್ತೂ ವಿಂಡ್ಲಾಸ್ ಮೇಲೆ ಬೀಳಬಾರದು. ಅದು ಎತ್ತುವ ಯಂತ್ರ, ಕಟ್ಟುವ ಗೂಟ ಅಲ್ಲ.

ಕಡಲಂಚು:
ಈ ಕರಾವಳಿಯಲ್ಲಿ ಲಂಗರಿನ ನಿಜವಾದ ಪರೀಕ್ಷೆ ಜೋರು ಗಾಳಿಯಲ್ಲ ಮಾರಾಯ್ರೇ, ದಿನಾ ತಿರುಗುವ ಗಾಳಿ. ಆ ತಿಂಗಳುಗಳಲ್ಲಿ ಮಧ್ಯಾಹ್ನ ವಾಯವ್ಯದ ಕಡಲಗಾಳಿ, ರಾತ್ರಿ ಕಳೆಯುತ್ತಾ ಪೂರ್ವದ ನೆಲಗಾಳಿ. ಸಂಜೆ ಚೆನ್ನಾಗಿ ಕಚ್ಚಿದ ಲಂಗರನ್ನು ಬೆಳಗಿನ ಜಾವ ಎದುರು ದಿಕ್ಕಿನಿಂದ ಎಳೆದ ಹಾಗೆ. ಶರಾವತಿ, ಕಾಳಿ ಅಳಿವೆಗಳ ಒಳಗೆ ಇದರ ಮೇಲೆ ಭರತ, ಇಳಿತದ ಸೆಳೆತ ಬೇರೆ, ಆರಾರು ಗಂಟೆಗೊಮ್ಮೆ ತಿರುಗುತ್ತದೆ.

ಫೋರ್ಟ್ರೆಸ್ ಒಂದೇ ಸಾಲದು ಅನ್ನುವುದು ಇದಕ್ಕೇ. ದೋಣಿ ತಿರುಗುವಾಗ ಸರಪಳಿ ಅದರ ಎರಡು ಅಲಗುಗಳಿಗೆ ಸುತ್ತಿಕೊಳ್ಳಬಹುದು. ಒಮ್ಮೆ ಕಿತ್ತರೆ ತೂಕವಿಲ್ಲದ್ದರಿಂದ ಸೆಳೆತದಲ್ಲಿ ಗಾಳಿಪಟದ ಹಾಗೆ ತೇಲುತ್ತದೆ, ಮತ್ತೆ ಕಚ್ಚುವ ಭರವಸೆ ಇಲ್ಲ. ಎರಡನೇ ಲಂಗರಾಗಿ ಮಾತ್ರ ಅದಕ್ಕೆ ಸಾಟಿಯಿಲ್ಲ. ನಿಮ್ಮ ಅಳತೆಗೆ ಎಫ್‌ಎಕ್ಸ್-16 ಬರುತ್ತದೆ, ತೂಕ ನಾಲ್ಕೂವರೆ ಕಿಲೋ. ಅಲಗಿನ ಕೋನವನ್ನು 32ರಿಂದ 45 ಡಿಗ್ರಿಗೆ ಬದಲಿಸಬಹುದು. 45 ಇರುವುದು ಮೆತ್ತನೆ ಕೆಸರಿಗೆ ಮಾತ್ರ. ಗಟ್ಟಿ ಮರಳಲ್ಲಿ ಆ ಕೋನದಲ್ಲಿ ಕಚ್ಚುವುದೇ ಇಲ್ಲ. 2014ರಲ್ಲಿ ಅಮೆರಿಕದ ಚೆಸಪೀಕ್ ಕೊಲ್ಲಿಯ ಕೆಸರಲ್ಲಿ ನಡೆದ ಪರೀಕ್ಷೆಯಲ್ಲಿ ಇದೇ ಗೆದ್ದಿತು. ಪರೀಕ್ಷೆ ಮಾಡಿಸಿದ್ದು ಅದರ ತಯಾರಕರೇ, ಅದನ್ನೂ ನೆನಪಿಡಿ. ಆದರೂ ಕೆಸರಿನ ವಿಷಯದಲ್ಲಿ ಫಲಿತಾಂಶ ನಂಬುವಂಥದ್ದೇ, ಅಲಗಿನ ಹರವು ದೊಡ್ಡದು.

ಹಾಕುವ ಕ್ರಮ: ಗಾಳಿಗೆ ಮುಖಮಾಡಿ ದೋಣಿ ಪೂರ್ತಿ ನಿಲ್ಲಲಿ. ಲಂಗರು ತಳ ಮುಟ್ಟುವಷ್ಟು ಮಾತ್ರ ಇಳಿಸಿ. ದೋಣಿ ಹಿಂದೆ ಸರಿಯತೊಡಗಿದ ಮೇಲೆ ಅದೇ ವೇಗಕ್ಕೆ ಸರಪಳಿ ಬಿಡಿ. ಒಂದೇ ಸಲ ಸುರಿದರೆ ಲಂಗರಿನ ಮೇಲೆ ಗುಡ್ಡೆಯಾಗಿ ಸಿಕ್ಕಿಕೊಳ್ಳುತ್ತದೆ. ಆಳದ ಮೂರು ಪಟ್ಟು ಹೋದಾಗ ತಡೆದು ಹಗುರಾಗಿ ಎಳೆಯಲು ಬಿಡಿ, ತುದಿ ಕಚ್ಚುತ್ತದೆ. ಉಳಿದದ್ದನ್ನೂ ಬಿಟ್ಟು ಸ್ನಬರ್ ಹಗ್ಗ ಕಟ್ಟಿ, ಎಂಜಿನ್ ರಿವರ್ಸ್‌ಗೆ ಹಾಕಿ ನಿಧಾನವಾಗಿ 2000 ಆರ್‌ಪಿಎಂಗೆ ಏರಿಸಿ, ಒಂದು ನಿಮಿಷ ಹಿಡಿಯಿರಿ. ಆಗ ದಡದ ಮೇಲೆ ಒಂದರ ಹಿಂದೊಂದು ಕಾಣುವ ಎರಡು ಗುರುತು ನೋಡಿ, ತೆಂಗಿನಮರ ಮತ್ತು ಟವರ್ ಏನಾದರೂ ಸರಿ. ಅವು ಕದಲಬಾರದು. ಸರಪಳಿಗೆ ಅಂಗೈ ತಾಗಿಸಿದಾಗ ಗಡಗಡ ನಡುಕ ಸಿಕ್ಕರೆ ಲಂಗರು ಜಾರುತ್ತಿದೆ ಅಂತ. ಮೆತ್ತನೆ ಕೆಸರಾದರೆ ರಿವರ್ಸ್‌ಗೆ ಮೊದಲು 20 ನಿಮಿಷ ಸುಮ್ಮನೆ ಬಿಡಿ, ತನ್ನ ಭಾರಕ್ಕೆ ತಾನೇ ಇಳಿಯುತ್ತದೆ.

ಪಡುಗಾಳಿ:
ಸ್ಪಷ್ಟವಾಯಿತು. ಗಾಳಿ ಹೀಗೆ ತಿರುಗುವುದಾದರೆ ಲಂಗರಿಗೂ ಸರಪಳಿಗೂ ನಡುವೆ ಸ್ವಿವೆಲ್, ಅಂದರೆ ಸುತ್ತ ತಿರುಗುವ ಕೊಂಡಿ, ಬೇಕಲ್ಲವಾ? ಮಲ್ಪೆಯ ದ್ವೀಪ, ನೇತ್ರಾಣಿ ಹತ್ತಿರ ಬಂಡೆಗಳಿವೆ, ಅಲ್ಲಿಗೆ ಏನು?

ಎಂಟುಮಾರು:
ಬೇಡ ಅನ್ನುತ್ತೇನೆ. 60 ಮೀಟರ್ ಸರಪಳಿ ನಾಲ್ಕಾರು ಸುತ್ತು ತಿರುಚನ್ನು ತಾನೇ ನುಂಗಿಕೊಳ್ಳುತ್ತದೆ. ಸ್ವಿವೆಲ್‌ನ ದವಡೆಗೆ ಅಡ್ಡ ಎಳೆತ ಬಿದ್ದರೆ ಮುರಿಯುತ್ತದೆ; ಸ್ಟೇನ್‌ಲೆಸ್‌ನವು ಒಳಗೊಳಗೇ ಬಿರುಕು ಬಿಟ್ಟು ಹೊರಗೆ ಹೊಳೆಯುತ್ತಲೇ ಇರುತ್ತವೆ. ಭಾರ ಎಷ್ಟು ತಡೆಯುತ್ತದೆ ಅಂತ ಅಚ್ಚೊತ್ತಿದ ಗ್ಯಾಲ್ವನೈಸ್ಡ್ ಶ್ಯಾಕಲ್ (ಪಿನ್ ಹಾಕಿ ಮುಚ್ಚುವ ಕೊಂಡಿ) ಒಂದೇ ಸಾಕು. ಪಿನ್ ಬಿಗಿದು ತಂತಿಯಿಂದ ಕಟ್ಟಿ. ಸರಪಳಿಯ ಒಳತುದಿಯನ್ನು ದೋಣಿಗೆ ಶ್ಯಾಕಲ್‌ನಿಂದಲ್ಲ, ಡೆಕ್‌ವರೆಗೆ ಬರುವಷ್ಟು ಹಗ್ಗದಿಂದ ಕಟ್ಟಿ. ಅವಸರಕ್ಕೆ ಚಾಕುವಿಂದ ಕೊಯ್ದು ಹೊರಡಬಹುದು.

ಗುಳ_ಗುದ್ದಲಿ:
ಸ್ವಿವೆಲ್ ಬಗ್ಗೆ ಅಷ್ಟು ಕಟ್ಟುನಿಟ್ಟು ಬೇಡ. ಎತ್ತುವಾಗ ಲಂಗರು ರೋಲರ್‌ಗೆ ಬೆನ್ನು ಮಾಡಿಯೇ ಬರುವ ದೋಣಿಗಳಿಗೆ ಅದು ಉಪಯೋಗ. ಹಾಕುವುದಾದರೆ ಲಂಗರಿಂದ ಒಂದು ಮೀಟರ್ ಸರಪಳಿ ಬಿಟ್ಟು ಆಮೇಲೆ ಹಾಕಿ, ಅಡ್ಡ ಎಳೆತ ತಪ್ಪುತ್ತದೆ.

ಕಡಲಂಚು:
ನೇತ್ರಾಣಿ ಸುತ್ತ ಹವಳ ಇದೆ. ಗಟ್ಟಿ ಹವಳಗಳು 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಅಲ್ಲಿ ಲಂಗರು ಹಾಕುವ ಯೋಚನೆಯೇ ಬೇಡ, ರಾತ್ರಿಗೆ ಮುರ್ಡೇಶ್ವರದ ಕಡೆ ಬನ್ನಿ. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಬಂಡೆಗಳು ನೀರೊಳಗೂ ಮುಂದುವರಿಯುತ್ತವೆ, ಯಾವ ಲಂಗರೂ ಅಲ್ಲಿ ಕಚ್ಚುವುದಿಲ್ಲ, ಸಿಕ್ಕಿಕೊಳ್ಳುತ್ತದೆ ಅಷ್ಟೇ. ಹಗಲು ಹೊತ್ತು ನಿಲ್ಲುವುದಾದರೆ ಮರಳು ಹುಡುಕಿ, ಲಂಗರಿನ ತಲೆಯ ಕಣ್ಣಿಗೆ 8 ಮಿ.ಮೀ. ಹಗ್ಗ ಕಟ್ಟಿ, ಭರತದ ಆಳಕ್ಕಿಂತ ಒಂದು ಮೀಟರ್ ಉದ್ದ ಬಿಟ್ಟು ತುದಿಗೆ ಬುರುಡೆ ತೇಲಿಸಿ. ಸಿಕ್ಕಿಬಿದ್ದರೆ ಹಿಂದಿನಿಂದ ಎಳೆದು ಬಿಡಿಸಬಹುದು.

ನಕ್ಷೆಯಲ್ಲಿ ಎಂ ಅಂದರೆ ಕೆಸರು, ಎಸ್ ಮರಳು, ಆರ್ ಬಂಡೆ, ಸಿಒ ಹವಳ. ನಂಬಿಕೆ ಬಾರದಿದ್ದರೆ ಸೀಸದ ಗುಂಡಿನ ತಳಕ್ಕೆ ಗ್ರೀಸ್ ಮೆತ್ತಿ ಇಳಿಸಿ, ತಳದಲ್ಲಿ ಇರುವುದು ಅಂಟಿಕೊಂಡು ಬರುತ್ತದೆ. ಏನೂ ಅಂಟದೆ ಗೀರು ಮಾತ್ರ ಬಿದ್ದಿದ್ದರೆ ಅಲ್ಲಿಂದ ಹೊರಡಿ. ಕಾರವಾರದ ದಕ್ಷಿಣಕ್ಕೆ, ಅಂಜುದೀವದ ಆಸುಪಾಸು ನೌಕಾನೆಲೆಯ ನೀರು, ಅಲ್ಲಿಗೆ ಹೋಗುವಂತಿಲ್ಲ. ಮತ್ತೆ ಬಂದರಿನ ಬಾಯಿಯಲ್ಲಿ, ಮೀನು ದೋಣಿಗಳು ಬೆಳಗಿನ ಜಾವ ಹೊರಡುವ ದಾರಿಯಲ್ಲಿ ನಿಲ್ಲಬೇಡಿ. ಲಂಗರು ದೀಪ ಇಡೀ ರಾತ್ರಿ ಉರಿಯಲಿ.