ವಲಯ ತಂಡದಲ್ಲಿ ಹದಿಮೂರರ ಹುಡುಗ: ಆಗಸ್ಟ್‌ನಲ್ಲಿ ಹುಟ್ಟಿದ್ದೇ ತೊಡಕಾಯಿತೇ?

ಪ್ರಶ್ನೆ: ಆಫ್‌ಸ್ಪಿನ್ನರನ ಅಪ್ಪ

ಎಲ್ಲರಿಗೂ ನಮಸ್ಕಾರ. ಎಂಟನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗ ಈ ಸಲ 14 ವರ್ಷದೊಳಗಿನವರ ಅಂತರ ವಲಯ ಪಂದ್ಯಾವಳಿಗೆ ನಮ್ಮ ವಲಯದ ತಂಡದಲ್ಲಿ ಆಯ್ಕೆಯಾದ. ಪಟ್ಟಿಯಲ್ಲಿ ಹೆಸರು ಕಂಡ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದೆವು. ಆದರೆ ಮೊದಲ ಮೂರು ಪಂದ್ಯಗಳ ಪೈಕಿ ಎರಡರಲ್ಲಿ ಅವನಿಗೆ ಹನ್ನೊಂದರ ಬಳಗದಲ್ಲಿ ಜಾಗ ಸಿಗಲಿಲ್ಲ. ನೀರಿನ ಬಾಟಲಿ, ಒಣ ಗ್ಲೌಸ್ ಹಿಡಿದು ಬೌಂಡರಿ ಗೆರೆಯ ಒಳಗೂ ಹೊರಗೂ ಓಡಾಡಿದ್ದೇ ಆಯಿತು. ಆಡಿದ ಒಂದು ಪಂದ್ಯದಲ್ಲಿ ನಾಲ್ಕು ಓವರ್ ಬೌಲಿಂಗ್ ಮಾಡಿದ, ಎಂಟನೆಯವನಾಗಿ ಬ್ಯಾಟ್ ಹಿಡಿದು ಇಳಿದು ಮೂರು ರನ್ ಗಳಿಸಿದ. ಆಯ್ಕೆಗಾರರ ಮೇಲೆ ನನ್ನದು ಯಾವ ದೂರೂ ಇಲ್ಲ. ಪಂದ್ಯ ಮುಗಿದ ಮೇಲೆ ಎರಡೂ ತಂಡದ ಹುಡುಗರು ಸಾಲಾಗಿ ಬಂದು ಕೈಕುಲುಕಿದಾಗ ನನ್ನ ಮಗ ಎದುರಾಳಿ ತಂಡದ ವೇಗದ ಬೌಲರನ ಎದೆಯ ಮಟ್ಟಕ್ಕಿದ್ದ. ಹೊರಗೆ ನಿಂತು ನೋಡುತ್ತಿದ್ದ ನನಗೆ ಅವರಿಬ್ಬರೂ ಒಂದೇ ವಯೋಮಾನದವರೆಂದು ನಂಬುವುದು ಕಷ್ಟವಾಯಿತು.

ಅವನು ಹುಟ್ಟಿದ್ದು ಆಗಸ್ಟ್ 20ರಂದು. ವಯಸ್ಸಿನ ಲೆಕ್ಕ ಸೆಪ್ಟೆಂಬರ್ 1ರಿಂದ ಆರಂಭವಾಗುವುದರಿಂದ ತನ್ನ ವರ್ಷದ ಹುಡುಗರಲ್ಲೆಲ್ಲ ಇವನೇ ಕಿರಿಯ. ಇನ್ನು ಹನ್ನೆರಡು ದಿನ ತಡವಾಗಿ ಹುಟ್ಟಿದ್ದರೆ ಮುಂದಿನ ವರ್ಷವೂ ಇದೇ ತಂಡಕ್ಕೆ, ಅದೂ ಹಿರಿಯನಾಗಿ, ಆಡಬಹುದಿತ್ತು. ಈಗ ಈ ಋತು ಮುಗಿದರೆ ನೇರವಾಗಿ 16ರ ಒಳಗಿನವರ ಗುಂಪಿಗೆ ಹೋಗಬೇಕು. ನಮ್ಮ ಪರಿಚಯದವರೊಬ್ಬರು, "ಶಾಲೆಗೆ ಸೇರಿಸುವಾಗಲೇ ಎರಡು ವರ್ಷ ಕಡಿಮೆ ಬರೆಸಬಾರದಿತ್ತೇ?" ಎಂದು ಹಿತೈಷಿಯಂತೆಯೇ ಕೇಳಿದರು. ನಾನು ಉತ್ತರಿಸಲಿಲ್ಲ.

ತಿಳಿದವರನ್ನು ಕೇಳಬೇಕೆಂದಿರುವುದು ಇಷ್ಟು. ಈ ಪಂದ್ಯಾವಳಿಯಿಂದ ರಾಜ್ಯದ ಸಂಭವನೀಯರ ಪಟ್ಟಿಗೆ ಹೋಗದಿದ್ದರೆ ಬಾಗಿಲು ಮುಚ್ಚಿದಂತೆಯೇ? ವಯಸ್ಸು ಅಳೆಯಲೆಂದು ಮುಂದೆ ಎದುರಾಗುವ ಮೂಳೆ ಪರೀಕ್ಷೆಗೆ ನಾವು ಹೆದರಬೇಕೇ? ಮತ್ತು, ಇದನ್ನು ಕೇಳಲು ಸಂಕೋಚವಾಗುತ್ತದೆ, ಶಾಲೆ ಬಿಡಿಸಿ ಬೆಂಗಳೂರಿನ ಅಕಾಡೆಮಿಗೆ ಸೇರಿಸುವುದು ಒಳ್ಳೆಯದೇ?

ಉತ್ತರ 1: ಸ್ಕೋರ್ ಪುಸ್ತಕದವನು

ಮಾನ್ಯರೇ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಿರಿಯರ ಪಂದ್ಯಗಳಿಗೆ ಸ್ಕೋರ್ ಬರೆದವನಾಗಿ ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಬಾಗಿಲು ಮುಚ್ಚುವುದಿಲ್ಲ.

ಮೆಟ್ಟಿಲುಗಳು ಹೀಗಿವೆ. ಬೆಂಗಳೂರಿನ ಜೊತೆಗೆ ಮೈಸೂರು, ತುಮಕೂರು, ಶಿವಮೊಗ್ಗ, ಮಂಗಳೂರು, ಧಾರವಾಡ, ರಾಯಚೂರು ವಲಯಗಳ ತಂಡಗಳು ತಮ್ಮೊಳಗೆ ಆಡುತ್ತವೆ. ಅಲ್ಲಿ ಕಣ್ಣಿಗೆ ಬಿದ್ದವರನ್ನು ಸಂಭವನೀಯರೆಂದು ಕರೆದು, ಅವರಲ್ಲಿ ರಾಜ್ಯ ತಂಡವನ್ನು ಆರಿಸುತ್ತಾರೆ. 14ರ ಒಳಗಿನ ರಾಜ್ಯ ತಂಡ ದಕ್ಷಿಣ ವಲಯದ ಇತರ ರಾಜ್ಯಗಳೊಡನೆ ಪಿ. ಕೃಷ್ಣಮೂರ್ತಿ ಟ್ರೋಫಿಗಾಗಿ ಸೆಣಸುತ್ತದೆ. ಅದರ ಮೇಲಿನದು 16ರ ಒಳಗಿನವರ ವಿಜಯ್ ಮರ್ಚೆಂಟ್ ಟ್ರೋಫಿ, ಅಲ್ಲಿ ಮೂರು ದಿನಗಳ ಪಂದ್ಯ. ಅದಕ್ಕೂ ಮೇಲೆ 19ರ ಒಳಗಿನವರ ವಿನೂ ಮಂಕಡ್ ಮತ್ತು ಕೂಚ್ ಬೆಹಾರ್ ಟ್ರೋಫಿಗಳು. ಪ್ರತಿ ಮೆಟ್ಟಿಲಿನಲ್ಲೂ ಆಯ್ಕೆ ಹೊಸದಾಗಿ ನಡೆಯುತ್ತದೆ. ಕೆಳಗಿನ ಪಟ್ಟಿಯಲ್ಲಿ ಹೆಸರಿಲ್ಲದವನನ್ನು ಮೇಲಿನ ಪಟ್ಟಿಗೆ ಸೇರಿಸಬಾರದೆಂಬ ನಿಯಮವೇನೂ ಇಲ್ಲ.

2024ರ ಜನವರಿಯಲ್ಲಿ ಶಿವಮೊಗ್ಗದ ನವುಲೆ ಮೈದಾನದಲ್ಲಿ ಮುಂಬೈ ವಿರುದ್ಧದ ಕೂಚ್ ಬೆಹಾರ್ ಫೈನಲ್‌ನಲ್ಲಿ ಪ್ರಖರ್ ಚತುರ್ವೇದಿ ಔಟಾಗದೆ 404 ರನ್ ಗಳಿಸಿದ್ದು, ಕರ್ನಾಟಕ 8 ವಿಕೆಟ್‌ಗೆ 890 ರನ್ ಮಾಡಿ ಡಿಕ್ಲೇರ್ ಮಾಡಿಕೊಂಡು ಆ ಟ್ರೋಫಿಯನ್ನು ಮೊದಲ ಬಾರಿಗೆ ಗೆದ್ದದ್ದು ತಮಗೆ ನೆನಪಿರಬಹುದು. ಅವನು ಎದುರಿಸಿದ 638 ಚೆಂಡುಗಳನ್ನು ಒಂದೊಂದಾಗಿ ಬರೆದ ಸ್ಕೋರರ್‌ಗಳ ಬೆರಳು ನೆನೆದು ನನಗೆ ಕನಿಕರವೂ ಬಂತು. ತಮ್ಮ ಮಗ ಆ ವಯೋಮಿತಿಯನ್ನು ಮುಟ್ಟಲು ಇನ್ನೂ ಐದು ವರ್ಷಗಳಿವೆ.

ಆಗಸ್ಟ್‌ನ ಮಾತು ಮಾತ್ರ ನಿಜ. ಕಿರಿಯರ ತಂಡಗಳ ಪಟ್ಟಿಯಲ್ಲಿ ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್‌ನಲ್ಲಿ ಹುಟ್ಟಿದವರು ಹೆಚ್ಚು, ಜೂನ್, ಜುಲೈ, ಆಗಸ್ಟ್‌ನವರು ಕಡಿಮೆ. ಇದು ಕ್ರಿಕೆಟ್ಟಿಗೆ ಮಾತ್ರವಲ್ಲ, ದಿನಾಂಕದ ಗೆರೆ ಎಳೆದು ಮಕ್ಕಳನ್ನು ಆರಿಸುವ ಎಲ್ಲ ಆಟಗಳಿಗೂ ಅಂಟಿದ ದೋಷ. ಹದಿಮೂರರಲ್ಲಿ ಹನ್ನೊಂದು ತಿಂಗಳ ಅಂತರವೆಂದರೆ ಒಂದು ಗೇಣು ಎತ್ತರ, ಹತ್ತು ಕಿಲೋ ತೂಕ ಆಗಬಹುದು. ಇಪ್ಪತ್ತರಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ನಾನು ಈ ಕೆಲಸಕ್ಕೆ ಬಂದ ಹೊಸತರಲ್ಲಿ ಇದಕ್ಕೆ ಒಂದೇ ಅಪವಾದವಿತ್ತು: ತಂಡಗಳ ಪಟ್ಟಿಯಲ್ಲಿ ಜೂನ್ ಒಂದರಂದು ಹುಟ್ಟಿದ ಹುಡುಗರು ಸಾಲುಸಾಲಾಗಿ ಇರುತ್ತಿದ್ದರು. ಅದು ಹೆರಿಗೆ ಕೋಣೆಯ ದಿನಾಂಕವಲ್ಲ, ಶಾಲೆಯ ಮೇಷ್ಟ್ರ ಲೇಖನಿಯ ದಿನಾಂಕ ಎಂಬುದು ನಮ್ಮೂರುಗಳಲ್ಲಿ ಎಲ್ಲರಿಗೂ ಗೊತ್ತು.

ಉತ್ತರ 2: ಎತ್ತರದ ಹುಡುಗನ ತಾಯಿ

ತಮ್ಮ ಪ್ರಶ್ನೆಯನ್ನು ಓದಿದಾಗ ಸ್ವಲ್ಪ ನೋವಾಯಿತು. ಕೈಕುಲುಕುವ ಸಾಲಿನ ಆ ಕಡೆ ನಿಂತಿದ್ದ ವೇಗದ ಬೌಲರ್‌ನಂತಹವನೇ ನನ್ನ ಮಗ. ಹದಿಮೂರೂವರೆಗೆ ಐದಡಿ ಒಂಬತ್ತು ಅಂಗುಲ, ಮೇಲ್ದುಟಿಯಲ್ಲಿ ಮೀಸೆಯ ಗೆರೆ. ಅವನು ಆಸ್ಪತ್ರೆಯಲ್ಲೇ ಹುಟ್ಟಿದವನು, ಜನನ ಪ್ರಮಾಣಪತ್ರ ಮೂರೇ ವಾರದಲ್ಲಿ ಕೈಗೆ ಬಂದಿತ್ತು. ಆದರೂ ಪ್ರತಿ ಪಂದ್ಯದಲ್ಲೂ ಯಾರಾದರೊಬ್ಬ ತಂದೆ ನನ್ನ ಪಕ್ಕ ಬಂದು ಕುಳಿತು, "ಯಾವ ವರ್ಷದವನು ಮೇಡಂ?" ಎಂದು ನಗುತ್ತಾ ಕೇಳುತ್ತಾರೆ. ಒಮ್ಮೆ ಅವನ ಮುಂದೆಯೇ ಕೇಳಿದರು. ಆ ದಿನ ಅವನು ಮನೆಗೆ ಬಂದು ಮೀಸೆ ಬೋಳಿಸಲು ಬ್ಲೇಡು ಹುಡುಕಿದ. ಸುಳ್ಳು ದಾಖಲೆಗಳು ಇವೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಂಥವರಿಂದಾಗಿ ಬೇಗ ಬೆಳೆದ ಮಕ್ಕಳೆಲ್ಲರೂ ಕಳ್ಳರಂತೆ ನಿಲ್ಲಬೇಕಾಗಿದೆ. ಮೂಳೆ ಪರೀಕ್ಷೆಗೆ ನಿಜವಾಗಿ ಹೆದರಬೇಕಾದವಳು ನಾನು, ತಾವಲ್ಲ.

ಉತ್ತರ 3: ಮಕ್ಕಳ ವೈದ್ಯೆ

ಈ ತಾಯಿಯ ಮಾತಿನಲ್ಲಿ ಹುರುಳಿದೆ, ಆದ್ದರಿಂದ ಪರೀಕ್ಷೆಯ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಭಾರತೀಯ ಕ್ರಿಕೆಟ್ ಮಂಡಳಿ 2012ರಿಂದ ಬಳಸುತ್ತಿರುವ ಟಿಡಬ್ಲ್ಯೂ3 ವಿಧಾನದಲ್ಲಿ ಎಡಗೈಯ ಮಣಿಕಟ್ಟು ಮತ್ತು ಬೆರಳುಗಳ ಎಕ್ಸ್‌ರೇ ತೆಗೆಯುತ್ತಾರೆ. ಮುಂಗೈಯ ಎರಡು ಮೂಳೆಗಳೂ ಸೇರಿ ಹದಿಮೂರು ಮೂಳೆಗಳ ತುದಿಯಲ್ಲಿರುವ ಬೆಳವಣಿಗೆಯ ಫಲಕಗಳು ಎಷ್ಟರ ಮಟ್ಟಿಗೆ ಬೆಸೆದುಕೊಂಡಿವೆ ಎಂದು ನೋಡಿ, ಪ್ರತಿಯೊಂದಕ್ಕೂ ಅಂಕ ಕೊಟ್ಟು, ಮೊತ್ತದಿಂದ ಮೂಳೆಯ ವಯಸ್ಸನ್ನು ಲೆಕ್ಕ ಹಾಕುತ್ತಾರೆ. ಈ ಅಳತೆಗೋಲು ಹುಡುಗರಲ್ಲಿ ಹದಿನಾರೂವರೆಗೆ, ಹುಡುಗಿಯರಲ್ಲಿ ಹದಿನೈದಕ್ಕೆ ಮುಗಿಯುತ್ತದೆ. ಆ ಹೊತ್ತಿಗೆ ಕೈಯ ಮೂಳೆಗಳು ಪೂರ್ತಿ ಬೆಸೆದುಕೊಂಡಿರುತ್ತವೆ, ಅದರಾಚೆ ಅಳೆಯಲು ಏನೂ ಉಳಿದಿರುವುದಿಲ್ಲ. 16ರ ಒಳಗಿನ ಹುಡುಗರ ಮತ್ತು 15ರ ಒಳಗಿನ ಹುಡುಗಿಯರ ತಂಡಗಳಿಗಷ್ಟೇ ಮಂಡಳಿ ಈ ಪರೀಕ್ಷೆಯನ್ನು ಇಟ್ಟುಕೊಂಡಿರುವುದು, ಹುಡುಗರಿಗೆ 16.5 ಎಂಬ ಗಡಿಯನ್ನು ಗೊತ್ತುಮಾಡಿರುವುದು ಇವೆರಡಕ್ಕೂ ಈ ಅಳತೆಗೋಲಿನ ಮಿತಿಯೊಡನೆ ನೇರ ಸಂಬಂಧವಿದೆ. 19ರ ಒಳಗಿನವರಿಗೆ ಈ ಎಕ್ಸ್‌ರೇ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಕಾಗದಪತ್ರವೇ ಆಧಾರ. ಅದಕ್ಕಾಗಿಯೇ ಹುಟ್ಟಿ ಎರಡು ವರ್ಷ ಕಳೆದ ಮೇಲೆ ಜನನ ನೋಂದಣಿಯಾಗಿದ್ದರೆ ಆ ಹಂತದಲ್ಲಿ ಆಡಬಹುದಾದ ವರ್ಷಗಳಿಗೆ 2020ರಲ್ಲಿ ಮಿತಿ ಹಾಕಿದರು. ಅದೇ ವರ್ಷ, ತಾವಾಗಿಯೇ ನಿಜ ವಯಸ್ಸನ್ನು ಒಪ್ಪಿಕೊಂಡವರಿಗೆ ಅಮಾನತಿಲ್ಲ, ಸಿಕ್ಕಿಬಿದ್ದವರಿಗೆ ಎರಡು ವರ್ಷಗಳ ನಿಷೇಧ ಎಂದೂ ಪ್ರಕಟಿಸಿದರು. "ಎರಡು ವರ್ಷ ಕಡಿಮೆ ಬರೆಸಿ" ಎಂದ ಪರಿಚಯಸ್ಥರಿಗೆ ಇದನ್ನು ತಿಳಿಸಬಹುದು.

ಈಗ ಎತ್ತರದ ಹುಡುಗನ ವಿಷಯ. ಮೂಳೆಯ ವಯಸ್ಸು ಹುಟ್ಟಿದ ದಿನಾಂಕವಲ್ಲ. ಆರೋಗ್ಯವಂತ ಮಕ್ಕಳಲ್ಲೂ ಅದು ನಿಜವಾದ ವಯಸ್ಸಿಗಿಂತ ಒಂದು ವರ್ಷದಷ್ಟು ಹಿಂದೆಯೋ ಮುಂದೆಯೋ ಇರುವುದು ತೀರಾ ಸಾಮಾನ್ಯ. ಮೊದಲ ಪರೀಕ್ಷೆಯ ಫಲಿತಾಂಶಕ್ಕೆ ಮುಂದಿನ ಋತುವಿನಲ್ಲಿ ಒಂದು ವರ್ಷ ಕೂಡಿಸಿ ಲೆಕ್ಕ ಹಾಕುವ ಪದ್ಧತಿ ಇದ್ದುದರಿಂದ, 15.4 ಬಂದವನು ಆಡುತ್ತಿದ್ದ, 15.5 ಬಂದವನು ಮನೆಗೆ ಹೋಗುತ್ತಿದ್ದ. ಮೂಳೆ ಕ್ಯಾಲೆಂಡರ್ ನೋಡಿಕೊಂಡು ಬೆಳೆಯುವುದಿಲ್ಲವಲ್ಲ! ಹೀಗೆ ಕೂಡಿಸಿದ್ದರಿಂದ ಹೊರಬಿದ್ದವರಿಗೆ ಎರಡನೆಯ ಸಲ ಎಕ್ಸ್‌ರೇ ತೆಗೆಯಲು ಮಂಡಳಿ 2025ರಲ್ಲಿ ಒಪ್ಪಿತು. ಇಷ್ಟಾದರೂ, ಪ್ರಾಮಾಣಿಕನಾಗಿಯೇ ಬೇಗ ಬೆಳೆದ ಹುಡುಗನೊಬ್ಬ 16ರ ತಂಡದಿಂದ ಹೊರಗುಳಿಯುವ ಸಾಧ್ಯತೆ ಇದ್ದೇ ಇದೆ. ಅದು ಅವನು ಸುಳ್ಳು ಹೇಳಿದ್ದಾನೆಂಬ ತೀರ್ಪಲ್ಲ ಎಂಬುದನ್ನು ತಾಯಿಯಾದ ತಾವು ಅವನಿಗೆ ಮೊದಲೇ ತಿಳಿಹೇಳಿರಬೇಕು.

ಆಗಸ್ಟ್ ಹುಡುಗನ ತಂದೆಗೆ ಒಂದು ಮಾತು. ಮಗ ಗಿಡ್ಡನೆಂದು ಪುಡಿ, ಟಾನಿಕ್ಕು, ಬೇಗ ಎತ್ತರ ಮಾಡುವ ಔಷಧ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕಿವಿಗೊಡಬೇಡಿ.

ಉತ್ತರ 4: ಹಳೆಯ ಎಡಗೈ ಸ್ಪಿನ್ನರ್

ಸ್ಕೋರರ್ ಮಹಾಶಯರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಮೆಟ್ಟಿಲುಗಳ ಲೆಕ್ಕದಲ್ಲಿ ಒಂದು ಸಂಗತಿ ಬಿಟ್ಟುಹೋಯಿತು. ಸ್ಪಿನ್ನರನ ಪಾಲಿಗೆ 14ರ ಒಳಗಿನ ಪಂದ್ಯಾವಳಿ ಎಲ್ಲಕ್ಕಿಂತ ಕೆಟ್ಟ ತಕ್ಕಡಿ. 13ರ ಒಳಗಿನವರಿಗೆಂದು ತಯಾರಾಗುವ ಚೆಂಡು ಸುಮಾರು 133ರಿಂದ 144 ಗ್ರಾಂ ತೂಗುತ್ತದೆ; ಅದರಾಚೆ ಪೂರ್ಣ ಅಳತೆಯ ಚೆಂಡು, 156ರಿಂದ 163 ಗ್ರಾಂ. ಚಿಕ್ಕ ಅಂಗೈಯ ಹುಡುಗ ಆಫ್‌ಬ್ರೇಕ್‌ಗೆ ತೋರುಬೆರಳು, ನಡುಬೆರಳುಗಳನ್ನು ಹೊಲಿಗೆಯ ಮೇಲೆ ಅಗಲಿಸಿ ಹಿಡಿಯಬೇಕಾದಾಗ ಬೆರಳುಗಳು ಅಷ್ಟು ಅಗಲಿಸುವುದೇ ಇಲ್ಲ. ಆಗ ಅವನು ಚೆಂಡನ್ನು ಅಂಗೈಗೆ ಒತ್ತಿ ಹಿಡಿದು ತಳ್ಳಲು ಶುರುಮಾಡುತ್ತಾನೆ. ಚೆಂಡು ನೇರ ಹೋಗುತ್ತದೆ, ಎದುರಿನ ದೊಡ್ಡ ಹುಡುಗ ಎತ್ತಿ ಹೊಡೆಯುತ್ತಾನೆ, ನಾಯಕ ನಾಲ್ಕೇ ಓವರಿಗೆ ಬೌಲಿಂಗ್ ಬದಲಿಸುತ್ತಾನೆ. ತಮ್ಮ ಮಗನ ನಾಲ್ಕು ಓವರುಗಳಲ್ಲಿ ರನ್ ಎಷ್ಟು ಹೋದವೆಂದು ನಾನು ಕೇಳುವುದಿಲ್ಲ. ಚೆಂಡು ಬ್ಯಾಟ್ಸ್‌ಮನ್ನನ ಕಣ್ಣಿನ ಮಟ್ಟಕ್ಕಿಂತ ಮೇಲೇರಿ ಇಳಿಯುತ್ತಿತ್ತೇ? ಬಿದ್ದ ಮೇಲೆ ತಿರುಗಿತೇ? ಇವೆರಡನ್ನು ಮಾತ್ರ ಹೇಳಿ.

ಬೆಂಗಳೂರಿನ ಪ್ರಶ್ನೆಗೆ ಇಬ್ಬರನ್ನು ನೆನೆಯುತ್ತೇನೆ. ಸುನಿಲ್ ಜೋಶಿ ಬಾಲಕನಾಗಿದ್ದಾಗ ಬೆಳಗಿನ ಅಭ್ಯಾಸಕ್ಕೆಂದು ಗದಗದಿಂದ ಹುಬ್ಬಳ್ಳಿಗೆ ಹೋಗಿ, ಶಾಲೆಯ ಹೊತ್ತಿಗೆ ಮತ್ತೆ ಗದಗಕ್ಕೆ ಬರುತ್ತಿದ್ದರು. ಅವರು ಮೊದಲ ಟೆಸ್ಟ್ ಆಡಿದ್ದು 1996ರಲ್ಲಿ, 26ನೆಯ ವಯಸ್ಸಿನಲ್ಲಿ. ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು ಹತ್ತು ಓವರಿಗೆ ಆರೇ ರನ್ ಕೊಟ್ಟು ಐದು ವಿಕೆಟ್ ಕಿತ್ತದ್ದು 1999ರಲ್ಲಿ. ಇನ್ನೊಬ್ಬರು ತಮ್ಮ ಮಗನ ಕಸುಬಿನವರೇ ಆದ ಎರಪಳ್ಳಿ ಪ್ರಸನ್ನ. 1962ರಲ್ಲೇ ಟೆಸ್ಟ್ ಆಡಿದ ಅವರು ಎಂಜಿನಿಯರಿಂಗ್ ಓದು ಮುಗಿಸಲೆಂದು ಆಟ ಬಿಟ್ಟು, ಸುಮಾರು ಐದು ವರ್ಷಗಳ ನಂತರ ಮರಳಿ ಬಂದರು. ದೇಶಕ್ಕೆ ಆಡಿದವರೇ ಪುಸ್ತಕಕ್ಕಾಗಿ ಕಾದಿರುವಾಗ ಎಂಟನೆಯ ತರಗತಿಯ ಹುಡುಗನನ್ನು ಶಾಲೆ ಬಿಡಿಸುವುದೇಕೆ? ಹನ್ನೆರಡಕ್ಕೇ ರಣಜಿ, ಹದಿನಾಲ್ಕಕ್ಕೇ ಐಪಿಎಲ್ ಶತಕ ಎಂಬ ವೈಭವ್ ಸೂರ್ಯವಂಶಿಯನ್ನು ನೋಡಿ ತಂದೆತಾಯಿಗಳ ತಾಳ್ಮೆ ಕೆಟ್ಟಿದೆ, ಅಷ್ಟೆ. ಹತ್ತನೆಯ ತರಗತಿಯವರೆಗೆ ಊರಿನಲ್ಲೇ ಇರಲಿ. ವಾರಕ್ಕೆ ಮೂರು ಬಾರಿ ಒಂದೇ ಸ್ಟಂಪಿನ ಎದುರು ಚೆಂಡು ಹಾಕಲು ಒಂದು ಚಾಪೆ ಪಿಚ್ ಇದ್ದರೆ ಸಾಕು.

ಪ್ರಶ್ನೆ ಕೇಳಿದವರು: ಆಫ್‌ಸ್ಪಿನ್ನರನ ಅಪ್ಪ

ಎಲ್ಲರಿಗೂ ವಂದನೆಗಳು. ಮೊದಲು ಆ ತಾಯಿಯವರಲ್ಲಿ ಕ್ಷಮೆ ಕೇಳುತ್ತೇನೆ. ಸಾಲಿನಲ್ಲಿ ನಿಂತ ಹುಡುಗನನ್ನು ನೋಡಿದಾಗ ನನ್ನ ಮನಸ್ಸಿನಲ್ಲೂ ಅದೇ ಪ್ರಶ್ನೆ ಎದ್ದಿತ್ತು. ಬಾಯಿಬಿಟ್ಟು ಕೇಳಲಿಲ್ಲ ಎನ್ನುವುದಷ್ಟೇ ವ್ಯತ್ಯಾಸ.

ಸ್ಪಿನ್ನರ್ ಅವರ ಪ್ರಶ್ನೆಗಳನ್ನು ಮಗನ ಮುಂದಿಟ್ಟೆ. ಮೊದಲ ಎರಡು ಓವರುಗಳಲ್ಲಿ ಚೆಂಡು ಮೇಲೇರಿತಂತೆ, ಒಂದು ತಿರುಗಿ ಪ್ಯಾಡಿಗೂ ಬಡಿಯಿತಂತೆ. ಮೂರನೆಯ ಓವರಿನಲ್ಲಿ ಸಿಕ್ಸರ್ ಹೊಡೆಸಿಕೊಂಡ ಮೇಲೆ ಹೆದರಿ ಚಪ್ಪಟೆಯಾಗಿ ಹಾಕಿದೆ ಎಂದ. ಹೀಗೆಂದು ಅವನು ನನಗೆ ಈವರೆಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ರನ್ ಎಷ್ಟು, ವಿಕೆಟ್ ಎಷ್ಟು ಎಂದೇ ಕೇಳುತ್ತಿದ್ದೆ. ಶಾಲೆ ಬಿಡಿಸುವ ಯೋಚನೆಯನ್ನು ಕೈಬಿಟ್ಟಿದ್ದೇವೆ. ಇನ್ನೊಂದೇ ಸಂದೇಹ: ಉಳಿದ ಎರಡು ಪಂದ್ಯಗಳಲ್ಲೂ ಅವನನ್ನು ಆಡಿಸದಿದ್ದರೆ ಮ್ಯಾನೇಜರ್ ಬಳಿ ಹೋಗಿ ಮಾತನಾಡಬಹುದೇ?

ಉತ್ತರ 5: ಸ್ಕೋರ್ ಪುಸ್ತಕದವನು

ಮಾತನಾಡಬೇಡಿ. ಮ್ಯಾನೇಜರ್ ಮುಂದೆ ನಿಂತ ತಂದೆಯನ್ನು ಹುಡುಗರೆಲ್ಲರೂ ಡ್ರೆಸ್ಸಿಂಗ್ ರೂಮಿನ ಕಿಟಕಿಯಿಂದ ನೋಡುತ್ತಿರುತ್ತಾರೆ, ಸಂಜೆಯ ಬಸ್ಸಿನಲ್ಲಿ ಅದನ್ನು ಅನುಭವಿಸುವವನು ಮಗ. ಬದಲಿಗೆ, ಅವನು ಹೊರಗೆ ಕುಳಿತ ದಿನ ನಮ್ಮ ಮೇಜಿನ ಬಳಿಗೆ ಕಳುಹಿಸಿ. ಒಂದು ಹಾಳೆಯಲ್ಲಿ ಎದುರು ತಂಡದ ಸ್ಪಿನ್ನರನ ಪ್ರತಿ ಚೆಂಡು ಎಲ್ಲಿ ಬಿತ್ತು, ಬ್ಯಾಟ್ಸ್‌ಮನ್ ಮುಂದೆ ಬಂದನೇ ಹಿಂದೆ ಹೋದನೇ ಎಂದು ಗುರುತು ಹಾಕಲಿ. ಯಾವ ಮೈದಾನವಾದರೂ ಸರಿ, ಸ್ಕೋರರ್ ಪಕ್ಕದಲ್ಲಿ ಒಂದು ಕುರ್ಚಿ ಖಾಲಿ ಇದ್ದೇ ಇರುತ್ತದೆ. ಪೆನ್ಸಿಲ್ ಮಾತ್ರ ಅವನೇ ತರಬೇಕು.