ಹಳೇ ಟರ್ಬೊ ಪೆಟ್ರೋಲ್ ಕಾರು ತಗೊಳ್ಳಬಹುದಾ? ಇಟ್ಟುಕೊಂಡವರು ಹೇಳಿ

ಮೊದಲ_ಟರ್ಬೊ:
ಎಂಟು ವರ್ಷ ಹಳೇ ಕಾರೊಂದು ನೋಡಿ ಇಟ್ಟಿದ್ದೇನೆ. 1.4 ಲೀಟರ್, ನಾಲ್ಕು ಸಿಲಿಂಡರ್, ಟರ್ಬೊ (ಎಕ್ಸಾಸ್ಟ್ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಫ್ಯಾನ್) ಪೆಟ್ರೋಲ್, ಡೈರೆಕ್ಟ್ ಇಂಜೆಕ್ಷನ್, ಟೈಮಿಂಗ್ ಚೈನ್. ಓಡಿರುವುದು 92,000 ಕಿ.ಮೀ. ಸರ್ವಿಸ್ ಪುಸ್ತಕ ಪೂರ್ತಿ ಇದೆ, 15,000ಕ್ಕೊಂದು ಸಲ ಆಯಿಲ್ ಬದಲಾಗಿದೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಒಂದೆರಡು ಸೆಕೆಂಡ್ ಕಟಕಟ ಅನ್ನುತ್ತದೆ, ಆಮೇಲೆ ಸುಮ್ಮನಾಗುತ್ತದೆ. ನನ್ನ ಓಡಾಟ ದಿನಕ್ಕೆ ಆರೇಳು ಕಿ.ಮೀ. ಅಷ್ಟೇ. ತಗೊಳ್ಳಲಾ, ಬೇಡವಾ?

ಚೈನ್_ಸಂತ್ರಸ್ತ:
ನನ್ನ ಕಥೆ ಕೇಳಿ. ಮಾರುವಾಗ ಏನು ಹೇಳಿದ್ದರು ಗೊತ್ತಾ? ಇದು ಬೆಲ್ಟ್ ಅಲ್ಲ, ಚೈನ್, ಕಾರು ಇರೋವರೆಗೂ ಬದಲಾಯಿಸೋ ಮಾತೇ ಇಲ್ಲ ಅಂತ. ವಾರಂಟಿ ಮುಗಿದ ಮರುವರ್ಷವೇ ಎಂಜಿನ್ ಲೈಟ್ ಹತ್ತಿಕೊಂಡಿತು. ಕೋಡ್ ಪಿ0016. ಚೈನ್ ಜೋಡಿಸುವ ಎರಡು ಶಾಫ್ಟ್, ವಾಲ್ವ್ ತೆರೆಯುವ ಕ್ಯಾಮ್‌ಗೂ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಗೂ ತಾಳ ತಪ್ಪಿದೆ ಅಂತ ಅರ್ಥ. ವರ್ಕ್‌ಶಾಪಿನವರು ಮೊದಲು ಕ್ಯಾಮ್ ಸೆನ್ಸರ್ ಹಾಕಿದರು. ಬಿಲ್ಲು. ಲೈಟ್ ಮತ್ತೆ ಬಂತು. ಕ್ರ್ಯಾಂಕ್ ಸೆನ್ಸರ್ ಹಾಕಿದರು. ಬಿಲ್ಲು. ಆಮೇಲೆ ವಾಲ್ವ್ ಟೈಮಿಂಗಿನ ಸೊಲೆನಾಯ್ಡ್. ಅದಕ್ಕೂ ಬಿಲ್ಲು, ಜೊತೆಗೆ ಟರ್ಬೊ ಅಂದ್ರೆ ಹೀಗೇ ಅನ್ನುವ ಬುದ್ಧಿವಾದ ಬಿಟ್ಟಿ.

ಕೊನೆಗೆ ಬೇರೆ ಮೆಕ್ಯಾನಿಕ್ ಒಬ್ಬರು ಮುಂದಿನ ಕವರ್ ಬಿಚ್ಚಿದರು. ಚೈನ್ ಬಿಗಿಯಾಗಿ ಹಿಡಿಯುವ ಟೆನ್ಷನರಿನ ಪಿಸ್ಟನ್ ಪೂರ್ತಿ ಹೊರಗೆ ಬಂದು ನಿಂತಿತ್ತು, ಅಂದರೆ ಚೈನ್ ಅಷ್ಟು ಸಡಿಲ. ಚೈನ್ ಜಾರುವ ಗೈಡಿನ ಪ್ಲಾಸ್ಟಿಕ್ ಮುರಿದಿತ್ತು. ಮುರಿದ ಚೂರು ಎಲ್ಲಿ? ಎಂಜಿನ್ ತಳದ ಆಯಿಲ್ ಬಟ್ಟಲು, ಅಂದರೆ ಸಂಪ್ ಇಳಿಸಿ ನೋಡಿದರೆ ಆಯಿಲ್ ಪಂಪಿನ ಜಾಲರಿಯಲ್ಲಿ ಕಂದು ಬಣ್ಣದ ಚೂರುಗಳು ಸಿಕ್ಕಿಕೊಂಡಿದ್ದವು, ಒಂದೊಂದನ್ನೂ ಚಿಮಟದಲ್ಲಿ ಎಳೆದು ತೆಗೆದರು. ಚೈನ್, ಟೆನ್ಷನರ್, ಗೈಡ್‌ಗಳು, ಸ್ಪ್ರಾಕೆಟ್, ಒಮ್ಮೆ ಬಿಚ್ಚಿದರೆ ಮತ್ತೆ ಹಾಕುವ ಹಾಗಿಲ್ಲದ ಬೋಲ್ಟುಗಳು, ಸೀಲ್, ಆಯಿಲ್, ಕೂಲೆಂಟ್, ಎಲ್ಲಾ ಹೊಸದು. ಎಂಜಿನ್ನಿನ ಒಂದು ಕಡೆ ಮೌಂಟ್ ಬಿಚ್ಚಿ ಜ್ಯಾಕ್ ಮೇಲೆ ನಿಲ್ಲಿಸಿ ಮಾಡುವ ಕೆಲಸ, ಹಾಗಾಗಿ ಪಾರ್ಟ್ಸ್‌ಗಿಂತ ಲೇಬರೇ ಜಾಸ್ತಿ. ಒಟ್ಟು ಖರ್ಚು ಆವತ್ತಿನ ಕಾರಿನ ಬೆಲೆಯ ಮೂರನೇ ಒಂದು ಪಾಲು. ಮೊದಲಿನ ಮೂರು ಬಿಲ್ಲು ಇದರಲ್ಲಿ ಸೇರಿಲ್ಲ.

ಎರಡೂವರೆ_ಲಕ್ಷ:
ನನ್ನ ಕಾರು 2,40,000 ಕಿ.ಮೀ. ದಾಟಿದೆ. ಕಂಪನಿಯಿಂದ ಬಂದ ಟರ್ಬೊನೇ ಇನ್ನೂ ಇದೆ, ಅದೇ ಚೈನ್. ಆಯಿಲ್ 7,500ಕ್ಕೆ ಬದಲಾಯಿಸುತ್ತೇನೆ, ಪುಸ್ತಕ ಏನೇ ಹೇಳಲಿ. ಸಣ್ಣ ಟರ್ಬೊ ಶಾಫ್ಟ್ ನಿಮಿಷಕ್ಕೆ ಎರಡು ಲಕ್ಷ ಸುತ್ತು ದಾಟುತ್ತದೆ, ಅದೂ ಕೂದಲೆಳೆಗಿಂತ ತೆಳ್ಳಗಿನ ಆಯಿಲ್ ಪದರದ ಮೇಲೆ. ಪಕ್ಕದಲ್ಲೇ ಎಕ್ಸಾಸ್ಟ್ ಗಾಳಿ 900 ಡಿಗ್ರಿ ಮುಟ್ಟುತ್ತದೆ. ಆ ಆಯಿಲ್ಲನ್ನು 15,000 ತನಕ ಎಳೆದರೆ ಟೆನ್ಷನರ್ ಕೈಕೊಡದೆ ಇನ್ನೇನು? ಅದೂ ಆಯಿಲ್ ಪ್ರೆಷರ್ ಮೇಲೇ ನಿಂತಿರುವುದು. ವಾರಕ್ಕೊಮ್ಮೆ ಡಿಪ್‌ಸ್ಟಿಕ್ ಎಳೆದು ಆಯಿಲ್ ಎಷ್ಟಿದೆ ನೋಡಿ. ಪಾಪದ ಎಂಜಿನ್ನಿಗೆ ಬೈಯುವವರೆಲ್ಲ ಆಯಿಲ್‌ನಲ್ಲಿ ಉಳಿತಾಯ ಮಾಡಿದವರೇ.

ಚೈನ್_ಸಂತ್ರಸ್ತ:
ಯಾರಿಗೆ ಹೇಳಿದ್ದು ಇದು? ನಾನು ಒಂದು ಸರ್ವಿಸ್ ಕೂಡ ತಪ್ಪಿಸಿಲ್ಲ, ಪುಸ್ತಕದಲ್ಲಿ ಬರೆದ ಆಯಿಲ್ಲೇ ಹಾಕಿಸಿದ್ದೇನೆ. ಪುಸ್ತಕ ಬರೆದವರು ತಪ್ಪು ಬರೆದರೆ ಬಿಲ್ಲು ನಾನು ಕಟ್ಟಬೇಕಾ? ನಿಮ್ಮದು ಹೈವೇ ಕಾರು ಇರಬೇಕು, ಅಲ್ವಾ?

ಎರಡೂವರೆ_ಲಕ್ಷ:
ಹೈವೇನೇ. ಅದಕ್ಕೇನೀಗ?

ಮಸಿ_ವಾಲ್ವ್:
ಅದಕ್ಕೇನೀಗ ಅಂದರೆ ಎಲ್ಲಾ ಅದೇ! ಹೈವೇಯಲ್ಲಿ ಆಯಿಲ್ ಚೆನ್ನಾಗಿ ಬಿಸಿಯಾಗಿ ಅದರಲ್ಲಿ ಸೇರಿದ ಪೆಟ್ರೋಲೂ ನೀರೂ ಆವಿಯಾಗಿ ಹೋಗುತ್ತದೆ. ನನ್ನ ಹಾಗೆ ಮನೆಯಿಂದ ಆಫೀಸಿಗೆ, ಆಫೀಸಿಂದ ಮನೆಗೆ ಅಂತ ಓಡಿಸಿದರೆ ಬಿಸಿಯಾಗುವಷ್ಟರಲ್ಲಿ ಆಫ್ ಮಾಡಿರುತ್ತೇವೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕಡಿಮೆಯಾಗುವ ಬದಲು ಏರುತ್ತಾ ಹೋಗುತ್ತದೆ, ಮೂಸಿ ನೋಡಿದರೆ ಪೆಟ್ರೋಲ್ ವಾಸನೆ.

ನನಗೆ ಬಂದ ಕಾಯಿಲೆ ಬೇರೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಗಡಗಡ ನಡುಕ, ಕೋಡ್ ಪಿ0300, ಅಂದರೆ ಸಿಲಿಂಡರುಗಳಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಕಿಡಿ ಕೊಡುವ ನಾಲ್ಕೂ ಕಾಯಿಲ್, ನಾಲ್ಕೂ ಪ್ಲಗ್ ಬದಲಾಯಿಸಿದರು. ಏನೂ ಬದಲಾಗಲಿಲ್ಲ. ಆಮೇಲೆ ಗಾಳಿ ಒಳಬರುವ ಕೊಳವೆ, ಇಂಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ಟಾರ್ಚ್ ಬಿಟ್ಟು ತೋರಿಸಿದರು. ವಾಲ್ವಿನ ಹಿಂಬದಿ ಹಳೇ ಬಾಣಲೆಯ ತಳದ ಹಾಗೆ ಕರಿ ಕಟ್ಟಿತ್ತು, ಕಾಂಡದ ಸುತ್ತ ಗಂಟುಗಂಟು. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೆ ಬೀಳುತ್ತದೆ, ಇಂಟೇಕ್ ವಾಲ್ವನ್ನು ತೊಳೆಯುವವರೇ ಇಲ್ಲ. ಟ್ಯಾಂಕಿಗೆ ಸುರಿಯುವ ಕ್ಲೀನರ್ ಬಾಟಲಿ ಅಲ್ಲಿಗೆ ಮುಟ್ಟುವುದೇ ಇಲ್ಲ. ನನಗೆ ಅದನ್ನೂ ಮಾರಿದ್ದರು ಅನ್ನಿ. ಕೊನೆಗೆ ಒಂದೊಂದೇ ವಾಲ್ವ್ ಮುಚ್ಚಿರುವಂತೆ ಕ್ರ್ಯಾಂಕ್ ತಿರುಗಿಸಿ, ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯಲ್ಲಿ ಊದಿ ಉಜ್ಜಿದರು. ಕೆಲಸ ಇಡೀ ದಿನ ಹಿಡಿಯಿತು. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಬೇರೆ ಹೊಸದು. ನಡುಕ ಅವತ್ತೇ ಹೋಯಿತು. ಆದರೆ ಕಾಯಿಲ್ ದುಡ್ಡು ಯಾರು ವಾಪಸ್ ಕೊಡುತ್ತಾರೆ?

ಸಾದಾ_ಎಂಜಿನ್:
ಅದಕ್ಕೇ ನಾನು ಟರ್ಬೊ ಹತ್ತಿರ ಹೋಗಿಲ್ಲ. ಟರ್ಬೊ ಇಲ್ಲದ 1.6, ಹನ್ನೊಂದು ವರ್ಷ, ಆಯಿಲ್, ಪ್ಲಗ್, ಫಿಲ್ಟರ್ ಬಿಟ್ಟು ಬೇರೆ ಖರ್ಚಿಲ್ಲ. ಪಿಕಪ್ ಇಲ್ಲ, ಒಪ್ಪಿದೆ. ನಿದ್ದೆ ಚೆನ್ನಾಗಿ ಬರುತ್ತದೆ. ಟರ್ಬೊದವರು ಪ್ರತಿ ಸಲ ಆಫ್ ಮಾಡುವ ಮೊದಲು ಎರಡು ನಿಮಿಷ ಐಡಲ್‌ನಲ್ಲಿ ಕಾಯಬೇಕಂತೆ!

ಎರಡೂವರೆ_ಲಕ್ಷ:
ಅದು ಟರ್ಬೊಗೆ ಆಯಿಲ್ ಬಿಟ್ಟು ಬೇರೆ ತಂಪು ಇಲ್ಲದ ಕಾಲದ ಮಾತು. 1978ರ ಸಾಬ್ 99 ಟರ್ಬೊ ಕಾಲದಲ್ಲಿ ಹಾಗೆ ಹೇಳಿದ್ದರೆ ಸರಿ. ಈಗ ಟರ್ಬೊ ಸುತ್ತ ಕೂಲೆಂಟ್ ಓಡುತ್ತದೆ, ಎಷ್ಟೋ ಕಾರುಗಳಲ್ಲಿ ಆಫ್ ಮಾಡಿದ ಮೇಲೂ ಸಣ್ಣ ಎಲೆಕ್ಟ್ರಿಕ್ ಪಂಪ್ ತಿರುಗುತ್ತಾ ಇರುತ್ತದೆ. ಘಾಟಿ ಹತ್ತಿ ಬಂದು ಆ ಕ್ಷಣವೇ ಕೀ ತಿರುಗಿಸಬೇಡಿ, ಅಷ್ಟು ಸಾಕು. ಇನ್ನು ಮಸಿ ಟರ್ಬೊದ್ದಲ್ಲ, ಡೈರೆಕ್ಟ್ ಇಂಜೆಕ್ಷನ್ನಿನದು. ಟರ್ಬೊ ಇಲ್ಲದಿದ್ದರೂ ಕಟ್ಟುತ್ತದೆ. ಗೊತ್ತಿಲ್ಲದೆ ಸುಮ್ನೆ ಬರೆಯಬೇಡಿ.

ಸಾದಾ_ಎಂಜಿನ್:
ನನ್ನದು ಪೋರ್ಟ್ ಇಂಜೆಕ್ಷನ್, ಪೆಟ್ರೋಲ್ ವಾಲ್ವಿನ ಹಿಂಬದಿಗೇ ಬೀಳುತ್ತದೆ. ಮಸಿನೂ ಇಲ್ಲ, ಪಂಪೂ ಇಲ್ಲ, ಉಪದೇಶನೂ ಬೇಕಾಗಿಲ್ಲ.

ನಾಲ್ಕನೇ_ಪಿಸ್ಟನ್:
ನೀವೆಲ್ಲ ಅದೃಷ್ಟವಂತರು. ನನಗೆ ಪಿಸ್ಟನ್ನೇ ಒಡೆಯಿತು. ಮೇಲಿನ ಎರಡು ರಿಂಗ್ ನಡುವಿನ ಅಂಚು ಸೀಳಿ, ಆ ಸಿಲಿಂಡರಿನ ಕಂಪ್ರೆಷನ್ ಉಳಿದವುಗಳ ಅರ್ಧಕ್ಕಿಂತ ಕೆಳಗೆ. ಮೇಲಿನ ಗೇರಿನಲ್ಲಿ 1,500 ಆರ್‌ಪಿಎಂನಲ್ಲಿ ಪೆಡಲ್ ಪೂರ್ತಿ ಒತ್ತಿದರೆ ಸ್ಪಾರ್ಕಿಗೂ ಮೊದಲೇ ಹೊತ್ತಿಕೊಳ್ಳುವ ಕಾಯಿಲೆ ಇದು, ಸಣ್ಣ ಟರ್ಬೊ ಎಂಜಿನ್ನುಗಳಿಗೇ ಜಾಸ್ತಿ. ಆಯಿಲ್‌ನಲ್ಲಿರುವ ಕ್ಯಾಲ್ಸಿಯಂ ಕೂಡ ಅದಕ್ಕೆ ಕುಮ್ಮಕ್ಕು ಕೊಡುತ್ತದೆ. ಇದಕ್ಕೇ ಅಂತ ಪರೀಕ್ಷೆ ಮಾಡಿದ ಎಪಿಐ ಎಸ್‌ಪಿ ಅನ್ನುವ ಆಯಿಲ್ ದರ್ಜೆ ಬಂದದ್ದು 2020ರಲ್ಲಿ, ನನ್ನ ಎಂಜಿನ್ ಅಷ್ಟರಲ್ಲಿ ಬಿಚ್ಚಿಯಾಗಿತ್ತು. ಹೆಡ್ ಇಳಿಸಿ, ಸಂಪ್ ಇಳಿಸಿ, ನಾಲ್ಕು ಪಿಸ್ಟನ್, ರಿಂಗ್, ಬೇರಿಂಗ್, ಹೆಡ್ ಗ್ಯಾಸ್ಕೆಟ್. ಹೊಸ ಇಂಜೆಕ್ಟರ್ ಸೀಲ್ ಬರಲಿಲ್ಲ ಅಂತ ಕಾರು ಮೂಲೆಯಲ್ಲಿ ಧೂಳು ತಿನ್ನುತ್ತಾ ಇತ್ತು. ಅದೇ ದುಡ್ಡಿಗೆ ಇನ್ನೊಂದು ಹಳೇ ಕಾರು ಬರುತ್ತಿತ್ತು.

ಚೈನ್_ಸಂತ್ರಸ್ತ:
ರೀಮ್ಯಾಪ್, ಅಂದರೆ ಶಕ್ತಿ ಹೆಚ್ಚಿಸಲು ಎಂಜಿನ್ ಸಾಫ್ಟ್‌ವೇರ್ ಬದಲಾವಣೆ ಮಾಡಿಸಿದ್ದಿರಾ?

ನಾಲ್ಕನೇ_ಪಿಸ್ಟನ್:
ಎಲ್ಲರೂ ಇದನ್ನೇ ಕೇಳುತ್ತಾರೆ. ಸ್ವಲ್ಪ, ಸ್ಟೇಜ್ ಒಂದು ಅಷ್ಟೇ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಎರಡೂವರೆ_ಲಕ್ಷ:
ಸಂಬಂಧ ಇಲ್ಲವಂತೆ! ಕಡಿಮೆ ಆರ್‌ಪಿಎಂನಲ್ಲೇ ಬೂಸ್ಟ್ (ಟರ್ಬೊ ಗಾಳಿಯ ಒತ್ತಡ) ಏರಿಸಿಕೊಂಡು, ಆಮೇಲೆ ಕ್ಯಾಲ್ಸಿಯಂ ಮೇಲೆ ಹೊರಿಸುತ್ತೀರಾ?

ನಾಲ್ಕನೇ_ಪಿಸ್ಟನ್:
ಮ್ಯಾಪ್ ಮಾಡಿಸದವರಿಗೂ ಒಡೆದಿದೆ. ಓದಿಕೊಂಡು ಬಂದು ಮಾತಾಡಿ.

ಮೊದಲ_ಟರ್ಬೊ:
ಎಲ್ಲರಿಗೂ ಥ್ಯಾಂಕ್ಸ್. ಆದರೆ ಆ ಕಟಕಟ ಸದ್ದಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ?

ಚೈನ್_ಸಂತ್ರಸ್ತ:
ಹೇಳಿದ್ದೇನು ಮತ್ತೆ ಇಷ್ಟೊತ್ತು? ಅದು ಚೈನೇ. ನನ್ನದೂ ಹಾಗೇ ಶುರುವಾಗಿದ್ದು. ಚೈನ್ ಕೆಲಸದ ಪೂರ್ತಿ ಖರ್ಚು ಬೆಲೆಯಲ್ಲಿ ಇಳಿಸಿದರೆ ಮಾತ್ರ ತಗೊಳ್ಳಿ.

ಎರಡೂವರೆ_ಲಕ್ಷ:
ಸದ್ದು ಬಂದ ಕೂಡಲೇ ಚೈನ್ ಅಂತ ತೀರ್ಪು ಕೊಡಬೇಡಿ. ಆಯಿಲ್ ಫಿಲ್ಟರ್ ಒಳಗೆ ಆಯಿಲ್ ವಾಪಸ್ ಇಳಿಯದಂತೆ ತಡೆಯುವ ಸಣ್ಣ ರಬ್ಬರ್ ವಾಲ್ವ್ ಇರುತ್ತದೆ. ಅಗ್ಗದ ಫಿಲ್ಟರಿನಲ್ಲಿ ಅದು ಗಟ್ಟಿಯಾದರೆ ರಾತ್ರಿ ಆಯಿಲ್ ಎಲ್ಲಾ ಕೆಳಗಿಳಿದು ಬೆಳಗ್ಗೆ ಇದೇ ಸದ್ದು ಬರುತ್ತದೆ. ಒಳ್ಳೇ ಫಿಲ್ಟರ್, ಹೊಸ ಆಯಿಲ್ ಹಾಕಿಸಿ, ಮಾರನೇ ದಿನ ಬೆಳಗ್ಗೆ ಬಾನೆಟ್ ಎತ್ತಿ ಸ್ಟಾರ್ಟ್ ಮಾಡಿ ಕೇಳೋಣ ಅನ್ನಿ. ಮಾರುವವರು ಒಪ್ಪದಿದ್ದರೆ ಅಲ್ಲಿಗೆ ಬಿಡಿ.

ಮಸಿ_ವಾಲ್ವ್:
ದಿನಕ್ಕೆ ಆರೇಳು ಕಿ.ಮೀ. ಓಡಿಸುವವರಿಗೆ ಸದ್ದಿನ ಚಿಂತೆ ಯಾಕೆ, ಈ ಎಂಜಿನ್ನೇ ಬೇಡ ಅಂತ ನಾನು ಹೇಳಿದ್ದು ಯಾರಿಗೂ ಕಾಣಲಿಲ್ಲವಾ?

ಚೈನ್_ಸಂತ್ರಸ್ತ:
ಫಿಲ್ಟರ್ ಹಾಕಿ ಸದ್ದು ನಿಂತರೂ ಸಂಪ್ ಇಳಿಸಿ ಜಾಲರಿ ನೋಡಿಸಿ. ಹೊಸ ಆಯಿಲ್ ಹಾಕಿ ನಾಲ್ಕು ದಿನ ಸದ್ದು ಮುಚ್ಚಿಸಿ ಮಾರುವವರು ಬೇಕಾದಷ್ಟಿದ್ದಾರೆ.

ಎರಡೂವರೆ_ಲಕ್ಷ:
ಎಲ್ಲದಕ್ಕೂ ಸಂಪ್ ಇಳಿಸುವುದಾ? ಸ್ಕ್ಯಾನರ್ ಹಾಕಿದರೆ ಕ್ಯಾಮ್ ಎಷ್ಟು ಡಿಗ್ರಿ ಹಿಂದೆ ಬಿದ್ದಿದೆ ಅಂತ ಎಷ್ಟೋ ಎಂಜಿನ್ನುಗಳಲ್ಲಿ ಕೂತಲ್ಲೇ ಗೊತ್ತಾಗುತ್ತದೆ.

ಚೈನ್_ಸಂತ್ರಸ್ತ:
ಸ್ಕ್ಯಾನರ್ ನಂಬಿಯೇ ನನಗೆ ಮೂರು ಬಿಲ್ಲು ಕೊಟ್ಟಿದ್ದು. ಇಳಿಸಿ ನೋಡಿ.